ಹಿಮದ ಹಿತ್ತಲಿಗೆ ಯಾವ ಕಾಳು, ಯಾವ ಫೀಡರ್?

ಅಮೆರಿಕದ ಮಿನೆಸೋಟಾ ರಾಜ್ಯದ ಮಿನಿಯಾಪೊಲಿಸ್ ಕಡೆ ಡಿಸೆಂಬರ್ ಕೊನೆಗೆ ಹಗಲು 9 ಗಂಟೆಗೂ ಕಡಿಮೆ. ರಾತ್ರಿ 15 ಗಂಟೆಗೂ ಜಾಸ್ತಿ. ಆ ಉದ್ದನೆಯ ರಾತ್ರಿಯನ್ನು ಮರದ ಪೊಟರೆಯಲ್ಲೋ ದಟ್ಟ ಕೊಂಬೆಗಳ ಮರೆಯಲ್ಲೋ ಕಳೆಯುವ ಚಿಕಡೀ ಹಕ್ಕಿಯ ತೂಕ ಸುಮಾರು 11 ಗ್ರಾಂ ಅಷ್ಟೇ. ಹಗಲಲ್ಲಿ ತಿಂದು ಕೂಡಿಟ್ಟ ಕೊಬ್ಬನ್ನೇ ರಾತ್ರಿಯಿಡೀ ನಡುಗುತ್ತಾ ಕರಗಿಸಿ ಅದು ಮೈ ಬೆಚ್ಚಗಿಟ್ಟುಕೊಳ್ಳಬೇಕು. ಕೊಬ್ಬು ಬೇಗ ಮುಗಿಯದಿರಲಿ ಅಂತ ಮೈಯ ಉಷ್ಣಾಂಶವನ್ನೇ 10 ಡಿಗ್ರಿಯಷ್ಟು ಇಳಿಸಿಕೊಳ್ಳುತ್ತದೆ. ಬೆಳಕು ಹರಿಯುವ ಹೊತ್ತಿಗೆ ಕೂಡಿಟ್ಟದ್ದು ಬಹುಪಾಲು ಖಾಲಿ. 2019ರ ಜನವರಿ ಕೊನೆಯಲ್ಲಿ ಈ ಊರಿನ ಉಷ್ಣಾಂಶ ಮೈನಸ್ 33 ಡಿಗ್ರಿ ಸೆಲ್ಸಿಯಸ್‌ಗೆ ಇಳಿದಿತ್ತು. ಅಂಥ ಚಳಿಗೂ ಈ ಹಕ್ಕಿ ಹೆದರಿ ದಕ್ಷಿಣಕ್ಕೆ ಹೋಗುವುದಿಲ್ಲ. ಇಲ್ಲೇ ಇರುತ್ತದೆ.

ಇದಕ್ಕೊಂದಿಷ್ಟು ಕಾಳು ಹಾಕೋಣ ಅಂತ ಅಂಗಡಿಗೆ ಹೋದರೆ ತಲೆ ಕೆಡುತ್ತದೆ. ಹತ್ತಾರು ಬಗೆಯ ಚೀಲಗಳು, ಗೋಡೆ ತುಂಬಾ ಫೀಡರ್‌ಗಳು (ಹಕ್ಕಿಗೆ ಕಾಳು ತುಂಬಿಡುವ ಸಾಧನಗಳು), ಒಂದೊಂದರ ಮೇಲೂ ಚೆಂದದ ಕೆಂಪು ಹಕ್ಕಿಯ ಚಿತ್ರ. ಚಿತ್ರ ನೋಡಿ ಕೊಳ್ಳಬೇಡಿ. ನಾನಾದರೆ ಎರಡೇ ವಿಷಯ ನೋಡುತ್ತೇನೆ. ಈ ಕಾಳಲ್ಲಿ ಕೊಬ್ಬು ಎಷ್ಟಿದೆ? ಈ ಫೀಡರ್ ಅನ್ನು ಫೆಬ್ರವರಿಯ ಚಳಿಯಲ್ಲೂ ಬಿಚ್ಚಿ ತೊಳೆಯಲು ನನಗೆ ಆಗುತ್ತದಾ? ಮುಂದೆ ಹೇಳುವುದೆಲ್ಲ ಈ ಎರಡು ಪ್ರಶ್ನೆಗಳ ಸುತ್ತಲೇ ಇದೆ.

ಕರಿ ಸೂರ್ಯಕಾಂತಿಯಾ, ಗೆರೆ ಸೂರ್ಯಕಾಂತಿಯಾ?

ಸೂರ್ಯಕಾಂತಿಯಲ್ಲಿ ಎರಡು ಜಾತಿಯ ಕಾಳು ಸಿಗುತ್ತದೆ. ಒಂದು ಪೂರ್ತಿ ಕಪ್ಪು, ಸಣ್ಣದು. ಎಣ್ಣೆ ತೆಗೆಯಲು ಬೆಳೆಯುವ ತಳಿ. ಇನ್ನೊಂದು ಕಪ್ಪು-ಬಿಳಿ ಗೆರೆಯದು, ದೊಡ್ಡದು. ಜನ ಹುರಿದು ತಿನ್ನುವುದು ಇದನ್ನೇ. ನೋಡಲು ಗೆರೆಯದ್ದೇ ತುಂಬಿಕೊಂಡಿರುವಂತೆ ಕಾಣುತ್ತದೆ. ಆದರೆ ಅದರ ಸಿಪ್ಪೆ ದಪ್ಪ. ಕಪ್ಪು ಕಾಳಿನ ಸಿಪ್ಪೆ ತೆಳು, ಒಳಗಿನ ಬೀಜದಲ್ಲಿ ಎಣ್ಣೆ ಜಾಸ್ತಿ, ತೂಕದ ಸುಮಾರು ಶೇ. 40ರಷ್ಟು.

ತೆಳು ಸಿಪ್ಪೆ ಯಾಕೆ ಮುಖ್ಯ ಅಂತ ತಿಳಿಯಬೇಕಾದರೆ ಚಿಕಡೀ ಊಟ ಮಾಡುವುದನ್ನು ಕಿಟಕಿಯಿಂದ ಸ್ವಲ್ಪ ಹೊತ್ತು ನೋಡಿ. ಅದು ಫೀಡರ್ ಮೇಲೆ ಕುಳಿತು ತಿನ್ನುವುದಿಲ್ಲ. ಹಾರಿ ಬರುತ್ತದೆ, ಒಂದು ಕಾಳು ಎತ್ತುತ್ತದೆ, ಕೆಲವೊಮ್ಮೆ ಅದನ್ನು ಬಿಟ್ಟು ಇನ್ನೊಂದನ್ನು ಎತ್ತುತ್ತದೆ. ಪಕ್ಕದ ಕೊಂಬೆಗೆ ಹೋಗಿ ಕಾಳನ್ನು ಎರಡೂ ಕಾಲಿನ ನಡುವೆ ಅದುಮಿ ಹಿಡಿದು ಕೊಕ್ಕಿನಿಂದ ಟಕ್ ಟಕ್ ಅಂತ ಕುಟ್ಟುತ್ತದೆ. ಸಿಪ್ಪೆ ಒಡೆದು ಬೀಜ ಸಿಕ್ಕಿತು ಅಂದರೆ ತಿಂದು ಮತ್ತೆ ಬರುತ್ತದೆ. ಒಂದೊಂದು ಕಾಳಿಗೂ ಒಂದು ಹೋಗು, ಒಂದು ಬರು. ಮೈನಸ್ 20ರಲ್ಲಿ ಪ್ರತಿ ಹಾರಾಟಕ್ಕೂ, ಪ್ರತಿ ಕುಟ್ಟಿಗೂ ಶಕ್ತಿ ಖರ್ಚಾಗುತ್ತದೆ. ಬೇಗ ಒಡೆಯುವ, ಎಣ್ಣೆ ಜಾಸ್ತಿಯಿರುವ ಕಾಳೇ ಅದಕ್ಕೆ ಲಾಭ.

ಹಾಗಾಗಿ ಒಂದೇ ಚೀಲ ಕೊಳ್ಳುವುದಾದರೆ ಕಪ್ಪು ಸೂರ್ಯಕಾಂತಿ ಕೊಳ್ಳಿ. ಚಿಕಡೀ, ನಟ್‌ಹ್ಯಾಚ್, ಕಾರ್ಡಿನಲ್, ಫಿಂಚ್‌ಗಳು, ಬ್ಲೂ ಜೇ, ಮರಕುಟಿಗ, ಹೆಚ್ಚುಕಡಿಮೆ ಎಲ್ಲವೂ ತಿನ್ನುತ್ತವೆ. ಗೆರೆಯ ಕಾಳು ಬೇಕಾಗುವುದು ಒಂದೇ ಸಂದರ್ಭದಲ್ಲಿ. ಗುಬ್ಬಚ್ಚಿಗಳ ಹಿಂಡು ಬಂದು ಫೀಡರ್ ಪೂರ್ತಿ ಆಕ್ರಮಿಸಿಕೊಂಡಾಗ. ದಪ್ಪ ಸಿಪ್ಪೆ ಗುಬ್ಬಚ್ಚಿಗೆ ಕಷ್ಟ, ಕಾರ್ಡಿನಲ್‌ನ ದಪ್ಪ ಕೊಕ್ಕಿಗೆ ಸಲೀಸು.

ಗುಬ್ಬಚ್ಚಿಯನ್ನು ದೂರ ಇಡುವುದಾ ಅಂತ ನಮ್ಮವರಿಗೆ ನೋವಾಗುತ್ತದೆ. ಬೆಂಗಳೂರಿನ ಹಳೇ ಬಡಾವಣೆಗಳಲ್ಲಿ ಗುಬ್ಬಿ ಕಾಣದಾಯಿತು ಅಂತ ಕೊರಗುವವರು ನಾವು. ಆದರೆ ಅಮೆರಿಕದಲ್ಲಿ ಗುಬ್ಬಚ್ಚಿ ಮೂಲದ ಹಕ್ಕಿಯಲ್ಲ. 1850ರ ಸುಮಾರಿಗೆ ಬ್ರೂಕ್ಲಿನ್‌ನಲ್ಲಿ ಯುರೋಪಿನಿಂದ ತಂದು ಬಿಟ್ಟದ್ದು. ಈಗ ಖಂಡವೆಲ್ಲ ಹರಡಿದೆ. ಬ್ಲೂಬರ್ಡ್‌ನಂಥ ಇಲ್ಲಿಯ ಹಕ್ಕಿಗಳ ಗೂಡಿನ ಪೆಟ್ಟಿಗೆಗೆ ನುಗ್ಗಿ, ಮರಿಗಳನ್ನು ಕೊಂದು ಜಾಗ ಹಿಡಿಯುತ್ತದೆ. ನಾಲ್ಕು ಗುಬ್ಬಿ ಬಂದರೆ ನಾನು ಓಡಿಸುವುದಿಲ್ಲ. ನಲವತ್ತು ಬರುವಂಥ ಊಟವನ್ನೂ ಹಾಕುವುದಿಲ್ಲ.

ಸಿಪ್ಪೆ ಸುಲಿದ ಸೂರ್ಯಕಾಂತಿ ಬೀಜವೂ ಸಿಗುತ್ತದೆ. ದುಬಾರಿ. ಅಪಾರ್ಟ್‌ಮೆಂಟಿನ ಬಾಲ್ಕನಿಯವರಿಗೆ ಮಾತ್ರ ಇದು ಸರಿ, ಯಾಕೆಂದರೆ ಕೆಳಗಿನ ಮನೆಯವರ ಮೇಲೆ ಸಿಪ್ಪೆ ಬೀಳುವುದಿಲ್ಲ. ಒದ್ದೆಯಾದರೆ ಬೇಗ ಕೆಡುತ್ತದೆ, ಹಾಗಾಗಿ ದಿನಕ್ಕೆ ಆಗುವಷ್ಟೇ ಹಾಕಬೇಕು. ಹಿತ್ತಲಿರುವವರು ಸಿಪ್ಪೆಯ ಕಾಳನ್ನೇ ಹಾಕಿ. ಆದರೆ ಫೀಡರ್ ಕೆಳಗೆ ಬಿದ್ದ ಸೂರ್ಯಕಾಂತಿ ಸಿಪ್ಪೆ ಹುಲ್ಲನ್ನು ಬೆಳೆಯಲು ಬಿಡುವುದಿಲ್ಲ. ಹೂವಿನ ಪಾತಿಯ ಮೇಲೆ ಫೀಡರ್ ತೂಗುಹಾಕಬೇಡಿ.

ಕುಸುಬೆ, ಗುರೆಳ್ಳು, ಬರಗು, ಜೋಳ

ಅಂಗಡಿಯ ಉಳಿದ ಚೀಲಗಳ ಒಳಗೆ ಕೈಹಾಕಿದರೆ ವಿಜಯಪುರದ ಕಡೆಯವರಿಗೆ ಪರಿಚಯ ಹೇಳಬೇಕಿಲ್ಲ. ಬಿಳಿ ಬಿಳಿ ಕಾಳು ಕುಸುಬೆ. ಕರಿ ಸೂಜಿಯಂಥದ್ದು ಗುರೆಳ್ಳು, ಮೈಸೂರಿನ ಕಡೆ ಹುಚ್ಚೆಳ್ಳು ಅನ್ನುತ್ತಾರೆ. ದುಂಡನೆಯ ಸಣ್ಣ ಬಿಳಿ ಕಾಳು ಬರಗು. ಕೆಂಪಗಿರುವುದು ಜೋಳ.

ಕುಸುಬೆ ನನಗೆ ಎರಡನೇ ಆಯ್ಕೆ. ಕಾರ್ಡಿನಲ್ ಇದನ್ನು ಇಷ್ಟಪಟ್ಟು ತಿನ್ನುತ್ತದೆ. ಚಿಕಡೀ, ಮೌರ್ನಿಂಗ್ ಡವ್ ಕೂಡ ತಿನ್ನುತ್ತವೆ. ಇದರ ನಿಜವಾದ ಉಪಯೋಗ ಯಾರು ತಿನ್ನುವುದಿಲ್ಲ ಅನ್ನುವುದರಲ್ಲಿದೆ. ಅಳಿಲು, ಸ್ಟಾರ್ಲಿಂಗ್ ಮತ್ತು ಗ್ರಾಕಲ್ ಹಕ್ಕಿಗಳು ಸಾಮಾನ್ಯವಾಗಿ ಇದರ ಕಡೆ ತಿರುಗಿ ನೋಡುವುದಿಲ್ಲ. ಕಹಿಯಂತೆ ಅವಕ್ಕೆ. ಆದರೆ ಹಕ್ಕಿಗಳಿಗೂ ಇದು ರೂಢಿಯಾಗಲು ಸ್ವಲ್ಪ ದಿನ ಬೇಕು. ಒಂದೇ ಸಲಕ್ಕೆ ಬದಲಾಯಿಸದೆ ಸೂರ್ಯಕಾಂತಿಯ ಜೊತೆ ಕಲಸಿ ಹಾಕುತ್ತಾ ಪ್ರಮಾಣ ಹೆಚ್ಚಿಸಿ.

ಗುರೆಳ್ಳು ಬೇಕಾಗುವುದು ಗೋಲ್ಡ್‌ಫಿಂಚ್, ಪೈನ್ ಸಿಸ್ಕಿನ್, ರೆಡ್‌ಪೋಲ್ ಅನ್ನುವ ಸಣ್ಣ ಫಿಂಚ್‌ಗಳಿಗೆ. ಗೋಲ್ಡ್‌ಫಿಂಚ್ ಬೇಸಿಗೆಯಲ್ಲಿ ನಿಂಬೆ ಹಳದಿ. ಚಳಿಗಾಲದಲ್ಲಿ ಮಣ್ಣಿನ ಬಣ್ಣಕ್ಕೆ ತಿರುಗುತ್ತದೆ, ಗುರುತೇ ಸಿಗುವುದಿಲ್ಲ. ಅಮೆರಿಕದ ಅಂಗಡಿಗೆ ಈ ಕಾಳು ಇಥಿಯೋಪಿಯಾ, ಭಾರತ, ಮ್ಯಾನ್ಮಾರ್‌ಗಳಿಂದ ಬರುತ್ತದೆ. ಜೊತೆಗೆ ಸೇರಿಕೊಂಡ ಕಳೆಬೀಜ ಇಲ್ಲಿ ಮೊಳೆಯದಿರಲಿ ಅಂತ ಒಳಗೆ ಬಿಡುವ ಮೊದಲು ಬಿಸಿ ಮಾಡಿಸುತ್ತಾರೆ. ಬೆಲೆ ಜಾಸ್ತಿಯಾಗುವುದಕ್ಕೆ ಇವೆಲ್ಲ ಕಾರಣ. ಹಾಗೆ ಬಂದ ಕಾಳು ಬೇಗ ಹಳಸುತ್ತದೆ. ಬೆರಳಲ್ಲಿ ಹಿಸುಕಿ ನೋಡಿ. ಹೊಸದಾದರೆ ಎಣ್ಣೆಯ ಪಸೆ ಕೈಗೆ ಅಂಟುತ್ತದೆ. ಒಣಗಿ ಪುಡಿಯಾದರೆ ಫಿಂಚ್‌ಗಳು ಮುಟ್ಟುವುದಿಲ್ಲ. "ಗುರೆಳ್ಳು ಹಾಕಿದರೂ ಹಕ್ಕಿ ಬರಲಿಲ್ಲ" ಅನ್ನುವವರಲ್ಲಿ ಬಹಳ ಮಂದಿಯ ಕಾಳು ಹಳೆಯದಾಗಿರುತ್ತದೆ. ಸಣ್ಣ ಚೀಲ ಕೊಳ್ಳಿ, ಮೂರು ನಾಲ್ಕು ವಾರಕ್ಕೆ ಮುಗಿಯದಿದ್ದರೆ ಬದಲಾಯಿಸಿ. ಗೋಲ್ಡ್‌ಫಿಂಚ್ ಕಪ್ಪು ಸೂರ್ಯಕಾಂತಿಯನ್ನೂ ತಿನ್ನುತ್ತದೆ. ಹಾಗಾಗಿ ಮೊದಲ ವರ್ಷವೇ ಗುರೆಳ್ಳಿಗೆ ದುಡ್ಡು ಹಾಕುವ ಅಗತ್ಯ ಇಲ್ಲ. ಕೆನಡಾದ ಉತ್ತರದ ಕಾಡಲ್ಲಿ ಬರ್ಚ್ ಮರದ ಬೀಜದ ಬೆಳೆ ಕೈಕೊಟ್ಟ ವರ್ಷ ರೆಡ್‌ಪೋಲ್ ಹಿಂಡು ಹಿಂಡಾಗಿ ದಕ್ಷಿಣಕ್ಕೆ ಇಳಿಯುತ್ತದೆ. ಅಂಥ ಚಳಿಗಾಲದಲ್ಲಿ ಗುರೆಳ್ಳು ತರುವುದು ಸಾರ್ಥಕ.

ಬರಗನ್ನು ನೆಲದಲ್ಲಿ ಮೇಯುವ ಹಕ್ಕಿಗಳಿಗೆ ಹಾಕಬೇಕು. ಜಂಕೋ ಅಂತ ಬೂದು ಬೆನ್ನಿನ, ಬಿಳಿ ಹೊಟ್ಟೆಯ ಪುಟ್ಟ ಹಕ್ಕಿ ಚಳಿಗಾಲ ಕಳೆಯಲು ಉತ್ತರದಿಂದ ಇಲ್ಲಿಗೆ ಬರುತ್ತದೆ. ಮೆಟ್ಟಿ ಗಟ್ಟಿ ಮಾಡಿದ ಹಿಮದ ಮೇಲೆ ಒಂದು ಹಿಡಿ ಬರಗು ಎರಚಿದರೆ ಅದಕ್ಕೆ ಹಬ್ಬ. ಗುಬ್ಬಚ್ಚಿಗೂ ಹಬ್ಬ, ಅದೇ ತೊಂದರೆ. ಹಿಡಿಗಿಂತ ಜಾಸ್ತಿ ಬೇಡ.

ಕೆಂಪು ಜೋಳದ ಬಗ್ಗೆ ಮಾತ್ರ ಖಡಾಖಂಡಿತವಾಗಿ ಹೇಳುತ್ತೇನೆ. ಅಗ್ಗದ ಮಿಶ್ರಣದ ಚೀಲಗಳನ್ನು ತುಂಬಿಸುವುದೇ ಇದರಿಂದ. ಅಮೆರಿಕದ ನೈಋತ್ಯದ ಒಣನಾಡಲ್ಲಿ ಕ್ವೇಲ್‌ಗಳು, ಡವ್‌ಗಳು ಇದನ್ನು ತಿನ್ನುತ್ತವೆ, ಅಲ್ಲಿ ಸರಿ. ಮಿನೆಸೋಟಾ, ಮಿಷಿಗನ್, ಒಂಟಾರಿಯೋದಂಥ ಕಡೆ ಫೀಡರ್‌ಗೆ ಬರುವ ಹಕ್ಕಿಗಳಲ್ಲಿ ಬಹುತೇಕ ಯಾವುದಕ್ಕೂ ಬೇಡ. ಚಿಕಡೀ, ನಟ್‌ಹ್ಯಾಚ್‌ಗಳು ಸೂರ್ಯಕಾಂತಿ ಹುಡುಕುತ್ತಾ ಜೋಳವನ್ನು ಒಂದೊಂದೇ ಎತ್ತಿ ಕೆಳಗೆ ಬಿಸಾಡುತ್ತವೆ. ಕೆಳಗೆ ಬಿದ್ದದ್ದು ಒದ್ದೆಯಾಗಿ ಬೂಸ್ಟು ಹಿಡಿಯುತ್ತದೆ, ಇಲಿ ಬರುತ್ತದೆ. ಅಗ್ಗದ ಚೀಲದ ಅರ್ಧ ಹೀಗೆ ಹೋದರೆ ಅದು ಅಗ್ಗ ಹೇಗಾದೀತು? ಚೀಲದ ಹಿಂದೆ ಬರೆದ ಪಟ್ಟಿ ಓದಿ. ಕೆಂಪು ಜೋಳಕ್ಕೆ ಅಲ್ಲಿ ಮೈಲೋ ಅಂತ ಬರೆದಿರುತ್ತಾರೆ, ಅದು ಮೊದಲ ಎರಡು ಮೂರು ಹೆಸರಲ್ಲಿ ಇದ್ದರೆ ವಾಪಸ್ ಇಟ್ಟುಬಿಡಿ.

ದನದ ಕೊಬ್ಬು ಬೇಡ ಅನ್ನುವ ಮನೆಗಳಿಗೆ

ಮರಕುಟಿಗ ಬರಬೇಕೆಂದರೆ ಎಲ್ಲರೂ ಹೇಳುವುದು ಸೂಯೆಟ್. ದನದ ಮೂತ್ರಪಿಂಡದ ಸುತ್ತಲಿನ ಗಟ್ಟಿ ಕೊಬ್ಬು. ಅದನ್ನು ಕರಗಿಸಿ ಇಟ್ಟಿಗೆಯ ಹಾಗೆ ಅಚ್ಚು ಹಾಕಿ ಮಾರುತ್ತಾರೆ. ತಂತಿಯ ಪಂಜರದಲ್ಲಿ ಇಟ್ಟು ತೂಗುಹಾಕಿದರೆ ಡೌನಿ, ಹೇರಿ ಮರಕುಟಿಗಗಳು, ನಟ್‌ಹ್ಯಾಚ್, ಚಿಕಡೀ ಬರುತ್ತವೆ. ಕೊಬ್ಬಿನ ಲೆಕ್ಕದಲ್ಲಿ ಇದನ್ನು ಮೀರಿಸಿದ್ದು ಇಲ್ಲ. ಈ ಹಕ್ಕಿಗಳು ತೊಗಟೆಯ ಸಂದಿಯಲ್ಲಿ ಹುಳ, ಮೊಟ್ಟೆ ಹುಡುಕಿ ಬದುಕುವವು. ಚಳಿಗಾಲದಲ್ಲಿ ಅದು ಸಾಕಷ್ಟು ಸಿಗದಾಗ ಸೂಯೆಟ್ ನೇರ ಶಕ್ತಿ.

ನಮ್ಮಲ್ಲಿ ಅನೇಕರು ಇದನ್ನು ಮನೆಗೆ ತರಲು ಒಪ್ಪುವುದಿಲ್ಲ. ಅದಕ್ಕಾಗಿ ಮರಕುಟಿಗವನ್ನು ಬಿಡಬೇಕಿಲ್ಲ. ಎರಡು ದಾರಿಗಳಿವೆ.

ಮೊದಲನೆಯದು ಶೇಂಗಾ. ಉಪ್ಪು, ಖಾರ ಹಾಕದ ಹುರಿದ ಶೇಂಗಾ ಬೀಜವನ್ನು ತಂತಿಬಲೆಯ ಕೊಳವೆಯಲ್ಲಿ ಹಾಕಿ. ಡೌನಿ ಮರಕುಟಿಗ ಬಲೆಗೆ ಅಂಟಿಕೊಂಡು ನಿಂತು ಚೂರು ಚೂರೇ ಕಿತ್ತು ತಿನ್ನುತ್ತದೆ. ನಟ್‌ಹ್ಯಾಚ್ ತಲೆಕೆಳಗಾಗಿ ಇಳಿದು ಬಂದು ಅದೇ ಕೆಲಸ ಮಾಡುತ್ತದೆ. ಸಿಪ್ಪೆಯ ಸಮೇತ ಇಡೀ ಶೇಂಗಾಕಾಯಿ ಇಟ್ಟರೆ ಬ್ಲೂ ಜೇಗಳ ಪಾಲು. ಅವು ಒಂದೊಂದನ್ನೇ ಎತ್ತಿ ತೂಗಿ ನೋಡಿ, ಭಾರದ್ದನ್ನು ಆರಿಸಿ ಒಯ್ದು ಬಚ್ಚಿಡುತ್ತವೆ.

ಎರಡನೆಯದು ಪೀನಟ್ ಬಟರ್. ಉಪ್ಪಿಲ್ಲದ, ಸಕ್ಕರೆಯಿಲ್ಲದ, ಸಿಹಿಗೆ ಕ್ಸೈಲಿಟಾಲ್ ಹಾಕದ ಡಬ್ಬಿ ನೋಡಿ ತನ್ನಿ. ಅದಕ್ಕೆ ಮೆಕ್ಕೆಜೋಳದ ರವೆ ಬೆರೆಸುತ್ತಾ ಹೋಗಿ. ಕೈಗೆ ಅಂಟದೆ ಉಂಡೆ ಕಟ್ಟುವ ಹದ ಬಂದಾಗ ನಿಲ್ಲಿಸಿ. ಒಂದು ಒಣ ಕೊಂಬೆಯ ತುಂಡಿಗೆ ಡ್ರಿಲ್ಲಿನಲ್ಲಿ ಇಂಚಿನಗಲದ ನಾಲ್ಕೈದು ತೂತು ಕೊರೆದು ಅದರೊಳಗೆ ತುಂಬಿ ತೂಗುಹಾಕಿ. ಚಳಿಯಲ್ಲಿ ಇದು ಗಟ್ಟಿಯಾಗಿ ನಿಲ್ಲುತ್ತದೆ. ಮರಕುಟಿಗ ಬಂದು ಕುಳಿತ ಭಂಗಿ ನೋಡಿ. ಬಾಲದ ಬಿರುಸು ಗರಿಗಳನ್ನು ಕೊಂಬೆಗೆ ಊರಿ, ಅದನ್ನೇ ಆಸರೆ ಮಾಡಿಕೊಂಡು ಹಿಂದಕ್ಕೆ ಬಾಗಿ ಕುಟ್ಟುತ್ತದೆ. ಪಂಜರಕ್ಕಿಂತ ಕೊಂಬೆಯೇ ಅದಕ್ಕೆ ಒಗ್ಗುತ್ತದೆ ಅಂತ ನನಗನ್ನಿಸುತ್ತದೆ. ಕೆಲಸ ಸ್ವಲ್ಪ ಜಾಸ್ತಿ, ಆದರೆ ಮಕ್ಕಳಿರುವ ಮನೆಯಲ್ಲಿ ಇದಕ್ಕಿಂತ ಒಳ್ಳೆಯ ರವಿವಾರದ ಕೆಲಸ ಇಲ್ಲ.

ಸೂಯೆಟ್ ಆಗಲಿ ಈ ಉಂಡೆಯಾಗಲಿ ಚಳಿಗಾಲಕ್ಕೆ ಮಾತ್ರ. ಬಿಸಿಲು ಏರಿದ ಮೇಲೆ ಕೊಬ್ಬು ಕರಗಿ ಗರಿಗೆ ಮೆತ್ತಿಕೊಳ್ಳುತ್ತದೆ, ಕಮಟು ವಾಸನೆ ಬರುತ್ತದೆ.

ಇನ್ನು ಮನೆಯಲ್ಲಿ ಉಳಿದ ಅನ್ನ. ಕಾಗೆಗೆ, ಗುಬ್ಬಿಗೆ ಅನ್ನ ಇಡುವುದು ನಮಗೆ ಬಾಲ್ಯದ ಅಭ್ಯಾಸ. ಮೈನಸ್ 20ರಲ್ಲಿ ಅದು ಹತ್ತು ನಿಮಿಷದಲ್ಲಿ ಕಲ್ಲಾಗುತ್ತದೆ, ಕೊಬ್ಬಂತೂ ಇಲ್ಲವೇ ಇಲ್ಲ. ಬ್ರೆಡ್ ಕೂಡ ಹಾಗೇ, ಸುಮ್ನೆ ಹೊಟ್ಟೆ ತುಂಬುತ್ತದೆ ಅಷ್ಟೇ. ಚೂಡಾ, ಖಾರದ ಶೇಂಗಾ, ಒಗ್ಗರಣೆ ಹಾಕಿದ ಅವಲಕ್ಕಿ ಬೇಡವೇ ಬೇಡ. ಅಷ್ಟು ಉಪ್ಪನ್ನು ಸಣ್ಣ ಹಕ್ಕಿಯ ಮೈ ತಡೆಯುವುದಿಲ್ಲ.

ಕೊಳವೆ, ಗುಡಿಸಲು, ತಟ್ಟೆ, ಕಿಟಕಿ

ಫೀಡರ್‌ಗಳಲ್ಲಿ ಮುಖ್ಯವಾಗಿ ನಾಲ್ಕು ಬಗೆ. ಉದ್ದನೆಯ ಪಾರದರ್ಶಕ ಕೊಳವೆ. ಮಾಡಿನ ಮನೆಯಂತಿರುವ ಹಾಪರ್. ತೆರೆದ ತಟ್ಟೆ. ಗಾಜಿಗೆ ಅಂಟಿಸುವ ಕಿಟಕಿ ಫೀಡರ್.

ನನ್ನ ಓಟು ಕೊಳವೆಗೆ. ಹಿಮ ಒಳಗೆ ಹೋಗುವುದು ಕಡಿಮೆ. ಕಾಳು ಎಷ್ಟು ಉಳಿದಿದೆ ಅಂತ ಅಡುಗೆಮನೆಯಿಂದಲೇ ಕಾಣುತ್ತದೆ. ಸಣ್ಣ ಕೋಲಿನ ಮೇಲೆ ಚಿಕಡೀ, ಫಿಂಚ್‌ಗಳು ಕೂರುತ್ತವೆ, ದೊಡ್ಡ ಹಕ್ಕಿಗಳಿಗೆ ಕಷ್ಟ. ಕೊಳ್ಳುವಾಗ ತಳ ತಿರುಗಿಸಿ ನೋಡಿ. ತಳವೇ ಬಿಚ್ಚಿ ಬರುವಂಥದ್ದು ಬೇಕು. ಯಾಕೆಂದರೆ ಕೊಳವೆಯ ತೊಂದರೆಯೆಲ್ಲ ಇರುವುದು ತಳದಲ್ಲೇ. ಕೊನೆಯ ತೂತಿಗಿಂತ ಕೆಳಗೆ ಒಂದು ಎರಡು ಇಂಚು ಕಾಳು ಹಾಗೇ ಉಳಿಯುತ್ತದೆ, ಯಾವ ಹಕ್ಕಿಗೂ ಎಟುಕುವುದಿಲ್ಲ. ಹಿಮ ಕರಗಿದ ದಿನ ಅದು ನೀರು ಕುಡಿದು ಉಬ್ಬುತ್ತದೆ, ರಾತ್ರಿ ಹೆಪ್ಪುಗಟ್ಟುತ್ತದೆ, ಮತ್ತೆ ಕರಗುತ್ತದೆ. ಮಾರ್ಚ್ ಹೊತ್ತಿಗೆ ಅಲ್ಲಿ ಕಪ್ಪಗೆ ಗಟ್ಟಿಯಾದ ಬೂಸ್ಟಿನ ಬಿರಡೆ. ಮೇಲಿನಿಂದ ಹೊಸ ಕಾಳು ಸುರಿಯುತ್ತಾ ಹೋದರೆ ಇದು ಕಣ್ಣಿಗೇ ಬೀಳುವುದಿಲ್ಲ. ತುಂಬುವ ಮೊದಲು ಪ್ರತಿ ಸಲ ತಳದ ಕಾಳು ಕೆಡವಿ, ಆಮೇಲೆ ಹೊಸದು ಹಾಕಿ.

ತೂತು, ಕೋಲು ಲೋಹದ್ದಾಗಿರಲಿ. ತೀರಾ ಚಳಿಗೆ ಅಗ್ಗದ ಪ್ಲಾಸ್ಟಿಕ್ ಬಿರುಕು ಬಿಡುತ್ತದೆ, ಅಳಿಲು ಕಡಿದು ತೂತು ದೊಡ್ಡದು ಮಾಡುತ್ತದೆ. ಲೋಹಕ್ಕೆ ಹಕ್ಕಿಯ ಕಾಲು ಅಂಟಿಕೊಳ್ಳುವುದಿಲ್ಲವಾ ಅಂತ ಬಹಳ ಜನ ಕೇಳುತ್ತಾರೆ. ಇಲ್ಲ. ಕಾಲಿನ ಮೇಲಿರುವುದು ಒಣ ಹುರುಪೆ, ಅಲ್ಲಿ ಬೆವರಿಲ್ಲ, ಪಸೆಯಿಲ್ಲ.

ಹಾಪರ್‌ನಲ್ಲಿ ಕಾಳು ಜಾಸ್ತಿ ಹಿಡಿಸುತ್ತದೆ. ಅಂಚು ಅಗಲ ಇರುವುದರಿಂದ ಕಾರ್ಡಿನಲ್ ಆರಾಮವಾಗಿ ಕೂರುತ್ತದೆ. ಬೆಳಗಿನ ಮಬ್ಬಿನಲ್ಲಿ ಎಲ್ಲರಿಗಿಂತ ಮೊದಲು, ಸಂಜೆ ಎಲ್ಲರೂ ಹೋದ ಮೇಲೆ ಬರುವ ಹಕ್ಕಿ ಅದು. ಹಿಮದ ಹಿನ್ನೆಲೆಯಲ್ಲಿ ಗಂಡಿನ ಆ ಕೆಂಪು ನೋಡಲಿಕ್ಕೆಂದೇ ಹಾಪರ್ ತಂದವರಿದ್ದಾರೆ. ಅದರ ಜೋಡಿ, ತೆಳು ಕಂದು ಬಣ್ಣದ, ಕಿತ್ತಳೆ ಕೊಕ್ಕಿನ ಹೆಣ್ಣು ನನಗೆ ಇನ್ನೂ ಚೆಂದ ಕಾಣುತ್ತದೆ. ಆದರೆ ಮರದ ಹಾಪರ್ ತೊಳೆಯುವುದು ಕಷ್ಟ. ಮೂಲೆಗಳಲ್ಲಿ ಕೊಳೆ ಕೂರುತ್ತದೆ. ಹಾಪರ್ ಬೇಕೇ ಬೇಕು ಅಂದರೆ ಪ್ಲಾಸ್ಟಿಕ್ ಹಲಗೆಯದ್ದು ತನ್ನಿ.

ತಟ್ಟೆಗೆ ಎಲ್ಲ ಹಕ್ಕಿಗಳೂ ಬರುತ್ತವೆ, ಹಿಮವೂ ಬರುತ್ತದೆ. ದಿನಾ ಬೆಳಿಗ್ಗೆ ಬೂಟು ಹಾಕಿ ಹೋಗಿ ಗುಡಿಸಿ ಬರುವವರಿಗೆ ಮಾತ್ರ. ಕಿಟಕಿ ಫೀಡರ್ ಬಾಡಿಗೆ ಮನೆಯವರಿಗೆ ಒಳ್ಳೆಯದು, ಮೊದಲು ಕರಾರು ಓದಿ, ಕೆಲವು ಕಟ್ಟಡಗಳಲ್ಲಿ ಹಕ್ಕಿಗೆ ಊಟ ಹಾಕಲು ಬಿಡುವುದಿಲ್ಲ. ಗಾಜಿಗೆ ಅಂಟುವ ರಬ್ಬರ್ ಬಟ್ಟಲು ಚಳಿಯಲ್ಲಿ ಬಿಗಿ ಕಳೆದುಕೊಳ್ಳುತ್ತದೆ. ಬಿಸಿನೀರಲ್ಲಿ ಅದ್ದಿ ಮೆತ್ತಗಾದ ಮೇಲೆ, ಒರೆಸಿ ಸ್ವಚ್ಛ ಮಾಡಿದ ಗಾಜಿಗೆ ಒತ್ತಿ.

ಎಲ್ಲಿ ತೂಗುಹಾಕುವುದು

ಫೀಡರ್ ಎಷ್ಟೇ ಒಳ್ಳೆಯದಾದರೂ ಜಾಗ ತಪ್ಪಿದರೆ ಹಕ್ಕಿ ಸಾಯುತ್ತದೆ. 2014ರಲ್ಲಿ ಪ್ರಕಟವಾದ ಅಂದಾಜಿನ ಪ್ರಕಾರ ಅಮೆರಿಕ ಒಂದರಲ್ಲೇ ವರ್ಷಕ್ಕೆ ಕಡಿಮೆಯೆಂದರೂ 36 ಕೋಟಿ, ಜಾಸ್ತಿಯೆಂದರೆ 100 ಕೋಟಿಗೆ ಹತ್ತಿರದಷ್ಟು ಹಕ್ಕಿಗಳು ಕಟ್ಟಡದ ಗಾಜಿಗೆ ಡಿಕ್ಕಿ ಹೊಡೆದು ಸಾಯುತ್ತವೆ. ಅದರಲ್ಲಿ ಸಾಮಾನ್ಯ ಮನೆಗಳ ಪಾಲೂ ದೊಡ್ಡದು. ಫೀಡರ್ ಅನ್ನು ಕಿಟಕಿಗೆ 3 ಅಡಿಯ ಒಳಗೆ ಇಡಿ, ಇಲ್ಲವೇ 30 ಅಡಿ ಆಚೆ ಇಡಿ. 3 ಅಡಿಯೊಳಗಿದ್ದರೆ ಗಾಬರಿಯಾಗಿ ಹಾರಿದರೂ ಸಾಯುವಷ್ಟು ವೇಗ ಬರುವುದಿಲ್ಲ. 30 ಅಡಿ ಆಚೆ ಇದ್ದರೆ ಕಿಟಕಿಯ ಕಡೆಗೇ ನುಗ್ಗುವುದು ಕಡಿಮೆ. ಜನ ಸಾಮಾನ್ಯವಾಗಿ ಇಡುವುದು 10–15 ಅಡಿಯಲ್ಲಿ, ಅದೇ ಅಪಾಯದ ಜಾಗ. ಗಾಜಿನ ಹೊರಮೈಗೆ ಎರಡೆರಡು ಇಂಚಿಗೆ ಒಂದರಂತೆ ಚುಕ್ಕೆ ಅಂಟಿಸಿದರೆ ಇನ್ನೂ ಒಳ್ಳೆಯದು. ಒಂದೇ ಒಂದು ಗಿಡುಗದ ಸ್ಟಿಕ್ಕರ್ ಅಂಟಿಸಿದರೆ ಪ್ರಯೋಜನ ಇಲ್ಲ.

ಅಳಿಲಿಗೆ ಇಲ್ಲಿ 5-7-9 ಅಂತ ಒಂದು ಲೆಕ್ಕ ಹೇಳುತ್ತಾರೆ. ನೆಲದಿಂದ 5 ಅಡಿ ಮೇಲೆ, ಮರ-ಗೋಡೆಗಳಿಂದ 7 ಅಡಿ ದೂರ, ಮೇಲಿನ ಕೊಂಬೆಯಿಂದ 9 ಅಡಿ ಕೆಳಗೆ. ಇಲ್ಲಿಯ ಬೂದು ಅಳಿಲು ನಮ್ಮ ಮೂರು ಗೆರೆಯ ಅಳಿಲಿಗಿಂತ ತುಂಬಾ ದೊಡ್ಡದು, ಜಿಗಿತವೂ ದೊಡ್ಡದು. ಅಳಿಲಿನ ಭಾರಕ್ಕೆ ಮುಚ್ಚಿಕೊಳ್ಳುವ ಸ್ಪ್ರಿಂಗ್ ಇರುವ ದುಬಾರಿ ಫೀಡರ್‌ಗಿಂತ ಒಂಟಿ ಕಬ್ಬಿಣದ ಕಂಬ, ಅದರ ನಡುವೆ ಛತ್ರಿಯಂಥ ತಗಡು, ಇದೇ ವಾಸಿ. ಹತ್ತಿರದಲ್ಲಿ ಹಕ್ಕಿಗಳಿಗೆ ಅಡಗಲು ಪೊದೆಯಿರಲಿ, ಆದರೆ ಬೆಕ್ಕು ಹೊಂಚುಹಾಕುವಷ್ಟು ಹತ್ತಿರ ಬೇಡ, ಸುಮಾರು 10 ಅಡಿ ಸಾಕು. ಪೊದೆ ಇಲ್ಲದಿದ್ದರೆ ಕ್ರಿಸ್‌ಮಸ್ ಮುಗಿದ ಮೇಲೆ ಜನ ರಸ್ತೆ ಬದಿ ಇಡುವ ಮರವೊಂದನ್ನು ತಂದು ಹಿಮದಲ್ಲಿ ನೆಡಿ. ವಸಂತದವರೆಗೂ ಅದೇ ಆಸರೆ.

ನೀರು ಕೂಡ ಕಾಳಿನಷ್ಟೇ ಹಕ್ಕಿಗಳನ್ನು ಸೆಳೆಯುತ್ತದೆ. ಥರ್ಮೋಸ್ಟಾಟ್ ಇರುವ ಬಿಸಿ ಬೋಗುಣಿ ತರಬಹುದು, ಇಲ್ಲವೇ ದಿನಕ್ಕೊಮ್ಮೆ ಬಿಸಿ ನೀರು ಹೊಯ್ಯಬಹುದು. ಹೆಪ್ಪುಗಟ್ಟದಿರಲಿ ಅಂತ ಉಪ್ಪು, ಗ್ಲಿಸರಿನ್ ಏನೂ ಹಾಕಬಾರದು.

ತೊಳೆಯದಿದ್ದರೆ

2020–21ರ ಚಳಿಗಾಲದಲ್ಲಿ ಪೈನ್ ಸಿಸ್ಕಿನ್‌ಗಳು ಭಾರೀ ಸಂಖ್ಯೆಯಲ್ಲಿ ದಕ್ಷಿಣಕ್ಕೆ ಬಂದವು. ಫೀಡರ್‌ಗಳಲ್ಲಿ ಗುಂಪುಗೂಡಿದವು. ಒಂದರ ಹಿಕ್ಕೆ ಇನ್ನೊಂದರ ಊಟಕ್ಕೆ ಸೇರಿ ಸಾಲ್ಮೊನೆಲ್ಲಾ ಅನ್ನುವ ರೋಗಾಣು ಹರಡಿ ಎಷ್ಟೋ ಸತ್ತವು. ವಾಷಿಂಗ್ಟನ್, ಆರೆಗನ್ ರಾಜ್ಯಗಳಲ್ಲಿ ಫೀಡರ್ ಇಳಿಸಿ ಅಂತ ಸರ್ಕಾರಿ ವನ್ಯಜೀವಿ ಇಲಾಖೆಗಳೇ ಕೇಳಿಕೊಂಡವು. ಹಿಂದೆ 1993–94ರ ಚಳಿಗಾಲದಲ್ಲಿ ವಾಷಿಂಗ್ಟನ್ ಡಿ.ಸಿ. ಸುತ್ತ ಹೌಸ್ ಫಿಂಚ್‌ಗಳಲ್ಲಿ ಕಣ್ಣು ಊದಿ ಮುಚ್ಚುವ ರೋಗ ಕಂಡು ಆಮೇಲೆ ಪೂರ್ವ ಭಾಗದಲ್ಲೆಲ್ಲ ಹರಡಿತು. ಹಾಗಾಗಿ ಎರಡು ವಾರಕ್ಕೊಮ್ಮೆ ತೊಳೆಯಿರಿ. ಒಂದು ಪಾಲು ಬ್ಲೀಚಿಗೆ ಒಂಬತ್ತು ಪಾಲು ನೀರು, ಹತ್ತು ನಿಮಿಷ ನೆನೆಸಿ, ಉಜ್ಜಿ, ಚೆನ್ನಾಗಿ ಜಾಲಿಸಿ, ಪೂರ್ತಿ ಒಣಗಿಸಿ. ಮೈ ಉಬ್ಬಿಸಿಕೊಂಡು, ಹತ್ತಿರ ಹೋದರೂ ಹಾರದೆ ಕೂತ ಹಕ್ಕಿ ಕಂಡರೆ ಅದೇ ದಿನ ಫೀಡರ್ ಇಳಿಸಿ. ಇದನ್ನು ಮಾಡಲು ಆಗದವರು ದಯವಿಟ್ಟು ಫೀಡರ್ ಬದಲು ಬೆರಿ ಬಿಡುವ ಗಿಡ ನೆಡಿ. ಅದೂ ಊಟವೇ.

ನಾವು ಊರಿಗೆ ಹೋದರೆ?

ಡಿಸೆಂಬರ್ ರಜೆಗೆ ಒಂದು ತಿಂಗಳು ಊರಿಗೆ ಹೋಗುವವರು ನಾವು. ಅಭ್ಯಾಸ ಮಾಡಿಸಿ ಕೈಬಿಟ್ಟರೆ ಪಾಪ ಹಕ್ಕಿಗಳು ಸಾಯುವುದಿಲ್ಲವಾ? ಇದಕ್ಕೆ ಉತ್ತರ ಇದೆ. 1980ರ ದಶಕದಲ್ಲಿ ವಿಸ್ಕಾನ್ಸಿನ್‌ನಲ್ಲಿ ಚಿಕಡೀಗಳ ಮೇಲೆ ಅಧ್ಯಯನ ನಡೆಯಿತು. ಫೀಡರ್ ಹತ್ತಿರದ ಹಕ್ಕಿಗಳಲ್ಲಿ ಚಳಿಗಾಲ ದಾಟಿದ್ದು ಶೇ. 69. ಫೀಡರ್ ಇಲ್ಲದ ಕಡೆ ಶೇ. 37. ಆದರೆ ಫೀಡರ್ ಇದ್ದ ಹಕ್ಕಿಗಳೂ ದಿನದ ಶಕ್ತಿಯಲ್ಲಿ ಸುಮಾರು ಐದನೇ ಒಂದು ಪಾಲನ್ನಷ್ಟೇ ಅಲ್ಲಿಂದ ಪಡೆದಿದ್ದವು. ಉಳಿದದ್ದು ಕಾಡಿನಿಂದಲೇ. ಆಮೇಲೆ, ವರ್ಷಗಟ್ಟಲೆ ಕಾಳು ಹಾಕುತ್ತಿದ್ದ ಒಂದು ಜಾಗದಲ್ಲಿ ಅದನ್ನು ಪೂರ್ತಿ ನಿಲ್ಲಿಸಿ ನೋಡಿದರು. ಅಲ್ಲಿಯ ಹಕ್ಕಿಗಳು ಎಂದೂ ಫೀಡರ್ ಕಾಣದ ಹಕ್ಕಿಗಳಷ್ಟೇ ಚೆನ್ನಾಗಿ ಬದುಕಿದವು. ಹುಡುಕಿ ತಿನ್ನುವುದನ್ನು ಮರೆತಿರಲಿಲ್ಲ. ಹಾಗಾಗಿ ನಿಶ್ಚಿಂತೆಯಿಂದ ಹೋಗಿ ಬನ್ನಿ. ಹೋಗುವಾಗ ಫೀಡರ್ ತೊಳೆದು ಒಳಗಿಡಿ. ಪಕ್ಕದ ಮನೆಯವರು ತುಂಬಿಸುತ್ತೇನೆ ಅಂದರೆ ತೀರಾ ಚಳಿಯ ವಾರಗಳಲ್ಲಿ ತುಂಬಿಸಲು ಹೇಳಿ. ಆಗಲೇ ಅದರ ಬೆಲೆ ಜಾಸ್ತಿ. ಕರಡಿ ಇರುವ ಕಡೆಯವರು ವಸಂತದಲ್ಲಿ ಅದು ನಿದ್ದೆಯಿಂದ ಏಳುವ ಮೊದಲು ಎಲ್ಲವನ್ನೂ ಇಳಿಸಲೇಬೇಕು.

ನೋಡುವುದು, ಎಣಿಸುವುದು

ದುರ್ಬೀನು ಕೊಳ್ಳುವುದಾದರೆ 10×42ಗಿಂತ 8×42 ಆರಿಸಿ. ಹಿತ್ತಲಿನ ದೂರಕ್ಕೆ ಎಂಟು ಪಟ್ಟು ಸಾಕು, ಕೈ ನಡುಗಿದರೂ ಚಿತ್ರ ಅಲುಗುವುದು ಕಡಿಮೆ. ಕಿಟಕಿಯ ಜೋಡಿ ಗಾಜಿನ ಮೂಲಕ ನೋಡುವಾಗ ಗಾಜಿಗೆ ನೇರವಾಗಿ ನಿಲ್ಲಿ, ಓರೆಯಾಗಿ ನೋಡಿದರೆ ಚಿತ್ರ ಮಸುಕು. ಹೊರಗಿಂದ ಒಳಗೆ ತರುವಾಗ ಚೀಲದಲ್ಲಿ ಮುಚ್ಚಿ ತನ್ನಿ, ಇಲ್ಲದಿದ್ದರೆ ಲೆನ್ಸಿನ ಮೇಲೆ ತೇವ ಕೂರುತ್ತದೆ.

ಎಣಿಕೆಗೆ ಸೇರಲು ಮೂರು ಅವಕಾಶಗಳಿವೆ. ಕ್ರಿಸ್‌ಮಸ್ ಬರ್ಡ್ ಕೌಂಟ್ 1900ರಿಂದ ನಡೆಯುತ್ತಿದೆ. ಡಿಸೆಂಬರ್ 14ರಿಂದ ಜನವರಿ 5ರೊಳಗೆ ಒಂದು ದಿನ ತಂಡದ ಜೊತೆ ಹೊರಗೆ ತಿರುಗಬೇಕು. ಹಳಬರ ಜೊತೆ ಕಲಿಯಲು ಇದು ಒಳ್ಳೆಯದು. ಪ್ರಾಜೆಕ್ಟ್ ಫೀಡರ್‌ವಾಚ್ ಅನ್ನು ಪಕ್ಷಿ ಅಧ್ಯಯನ ಸಂಸ್ಥೆಗಳಾದ ಕಾರ್ನೆಲ್ ಲ್ಯಾಬ್ ಮತ್ತು ಬರ್ಡ್ಸ್ ಕೆನಡಾ ನಡೆಸುತ್ತವೆ. ನವೆಂಬರ್‌ನಿಂದ ಏಪ್ರಿಲ್‌ವರೆಗೆ, ಸತತ ಎರಡು ದಿನದಂತೆ ಆದಾಗ ಎಣಿಸಿದರೆ ಸಾಕು. ಚಹಾ ಕುಡಿಯುತ್ತಾ ಮಾಡಬಹುದಾದ ವಿಜ್ಞಾನ ಇದು, ನನಗೆ ಅಚ್ಚುಮೆಚ್ಚು. ಮೂರನೆಯದು ಫೆಬ್ರವರಿಯ ಗ್ರೇಟ್ ಬ್ಯಾಕ್‌ಯಾರ್ಡ್ ಬರ್ಡ್ ಕೌಂಟ್. ನಾಲ್ಕು ದಿನ, ಉಚಿತ, 15 ನಿಮಿಷ ಕೊಟ್ಟರೂ ಆಗುತ್ತದೆ. 2013ರಿಂದ ಇದು ಲೋಕದ ಎಲ್ಲೆಡೆ ನಡೆಯುತ್ತಿದೆ, ಕರ್ನಾಟಕದಲ್ಲೂ. ಶಿರಸಿಯಲ್ಲೋ ಧಾರವಾಡದಲ್ಲೋ ಇರುವ ಅಜ್ಜ ಅಜ್ಜಿ ಅದೇ ದಿನ ತಮ್ಮ ಹಿತ್ತಲಿನ ಹಕ್ಕಿ ಎಣಿಸಬಹುದು, ಮೊಮ್ಮಕ್ಕಳು ಇಲ್ಲಿ. ಹೊಸಬರು ಇದರಿಂದ ಶುರು ಮಾಡಿ.

ಫೀಡರ್‌ವಾಚ್‌ಗೆ ಎಣಿಸುವಾಗ ಒಂದು ನಿಯಮ ನೆನಪಿಡಿ. ಬಂದ ಹಕ್ಕಿಗಳನ್ನು ಕೂಡಿಸುತ್ತಾ ಹೋಗಬಾರದು, ಒಂದೇ ಚಿಕಡೀ ಹತ್ತು ಸಲ ಬಂದಿರುತ್ತದೆ. ಒಂದು ಜಾತಿಯ ಹಕ್ಕಿ ಒಮ್ಮೆಗೇ ಅತಿ ಹೆಚ್ಚು ಎಷ್ಟು ಕಂಡವೋ ಆ ಸಂಖ್ಯೆಯನ್ನು ಮಾತ್ರ ಬರೆಯಬೇಕು.